ಹರಿದ ಸೂರ್ಯ

“ಸರ್, ಸೂರ್ಯ ಹರದು ಹೋಗ್ಯಾನ್ರಿ!”

ಶಾಲೆಯ ಮಹಡಿಯ ಮೇಲೆ ನಿಂತಿದ್ದ ಭಾಗ್ಯಾ ಕೂಗಿದಳು. ಪಕ್ಕದಲ್ಲಿದ್ದ ಪಿ.ಟಿ. ಮಾಸ್ತರು ಉಡಚಪ್ಪ ಸರ್ ಕೆಳಗೆ ಬಗ್ಗಿ ನೋಡಿ ಹಣೆ ಒತ್ತಿಕೊಂಡರು.

ಮೈದಾನದಲ್ಲಿ ಮಕ್ಕಳು ಶಾಲೆಯ ಕಡೆ ಮುಖ ಮಾಡಿ ಸಾಲುಸಾಲಾಗಿ ಕೂತಿದ್ದರು. ಎಲ್ಲರೂ ಒಂದೊಂದು ಬಣ್ಣದ ರಟ್ಟನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದರು. ಮಹಡಿಯಿಂದ ನೋಡಿದರೆ ಅಷ್ಟೂ ರಟ್ಟು ಸೇರಿ ಒಂದು ಚಿತ್ರವಾಗಬೇಕು. ಹಸಿರು ಕಪ್ಪತಗುಡ್ಡ, ಅದರ ಎಡಗಡೆ ಕೇಸರಿ ಸೂರ್ಯ, ಕೆಳಗೆ ನೀಲಿ ಹೊಳೆ. ಗುಡ್ಡ ಬಂದಿತ್ತು, ಹೊಳೆಯೂ ಬಂದಿತ್ತು. ಸೂರ್ಯನ ಹೊಟ್ಟೆಯ ಒಂದು ಪಟ್ಟಿ ಮಾತ್ರ ಗುಡ್ಡ ದಾಟಿ ಬಲಗಡೆ ಹೋಗಿ ಕೂತಿತ್ತು.

“ಐದನೇ ಸಾಲ್ರಿ. ಕಳಕೇಶಂದು!” ಎನ್ನುತ್ತ ಭಾಗ್ಯಾ ದಡದಡ ಮೆಟ್ಟಿಲಿಳಿದಳು.

ಈ ಚಿತ್ರ ಅವಳದೇ. ಆರನೇ ‘ಎ’ ಸೆಕ್ಷನ್ನಿನ ಕಂಪ್ಯೂಟರ್ ಪಿರಿಯಡ್‌ನಲ್ಲಿ ಎಕ್ಸೆಲ್ ತೆರೆದು, ಚೌಕ ಚೌಕಕ್ಕೂ ಬಣ್ಣ ತುಂಬಿ ಮಾಡಿದ್ದಳು. ಒಂದು ಚೌಕಕ್ಕೆ ಒಬ್ಬ ಹುಡುಗ, ಇಲ್ಲವೇ ಒಬ್ಬ ಹುಡುಗಿ. ಶಾಲೆಯ ವಾರ್ಷಿಕೋತ್ಸವದ ಗ್ಯಾದರಿಂಗ್‌ನಲ್ಲಿ ಇದನ್ನೇ ಮಾಡೋಣ ಎಂದು ಉಡಚಪ್ಪ ಸರ್ ಹೇಳಿದಾಗ ಅವಳಿಗೆ ಕಾಲು ನೆಲಕ್ಕೆ ತಾಗಿರಲಿಲ್ಲ. ಮುಂಡರಗಿ ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿ, ಸಾಲಿಗೊಂದು ಪಟ್ಟಿ ಕತ್ತರಿಸಿ, ಆಯಾ ಸಾಲಿನ ಲೀಡರ್‌ಗೆ ಕೊಟ್ಟಿದ್ದಳು. ಪಟ್ಟಿ ನೋಡಿ ತನ್ನ ಸಾಲಿನವರಿಗೆ ರಟ್ಟು ಹಂಚುವುದು ಲೀಡರ್ ಕೆಲಸ. ಲೀಡರ್‌ಗಳೆಲ್ಲ ಅವಳ ಕ್ಲಾಸಿನವರೇ. ಐದನೇ ಸಾಲಿನ ಸೋಮೇಶನಿಗೆ ಜ್ವರ ಬಂದದ್ದರಿಂದ ಇವತ್ತು ‘ಬಿ’ ಸೆಕ್ಷನ್ನಿನ ಕಳಕೇಶ ಅವನ ಜಾಗಕ್ಕೆ ಬಂದಿದ್ದ.

“ಏನ್ ಮಾಡೀಲೇ? ಪಟ್ಟಿ ಉಲ್ಟಾ ಹಿಡದಿ!” ಭಾಗ್ಯಾ ಏದುಸಿರು ಬಿಡುತ್ತ ಕೇಳಿದಳು.

ಕಳಕೇಶ ಪಟ್ಟಿಯನ್ನು ಮುಂದೆ ಚಾಚಿದ. “ಯಾವ ಕಡಿಂದ ಶುರು ಮಾಡಬೇಕು ಅಂತ ಇದರಾಗ ಬರದಿಲ್ಲಲ್ಲ. ಮುಂಜಾನೆ ನಿನ್ನ ಕೇಳಾಕ ಬಂದಿದ್ನಿ. ‘ಅಷ್ಟೂ ತಿಳಿಯಂಗಿಲ್ಲೇನು’ ಅಂತ ಹೋಗಿಬಿಟ್ಟಿ.”

“ಉಳದಾವ್ರಿಗೆಲ್ಲ ತಿಳದೈತಲ್ಲ! ನಿನಗಷ್ಟ ಯಾಕ ತಿಳೀಲಿಲ್ಲ?”

ಯಾರೋ ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ಉಡಚಪ್ಪ ಸರ್ ಬಂದರು. “ಆತು ಬಿಡ್ರಿ, ಜಗಳ ಬ್ಯಾಡ. ಕಳಕೇಶ, ನೀ ಸುಮ್ನ ರಟ್ಟು ಹಿಡಕೊಂಡು ಕುಂಡ್ರು. ನಾಳೆ ಬ್ಯಾರೇದಾವ್ರನ್ನ ಲೀಡರ್ ಮಾಡೋಣು.”

ಕಳಕೇಶ ತೋಳಿಗೆ ಕಟ್ಟಿದ್ದ ಲೀಡರ್‌ನ ಕೆಂಪು ರಿಬ್ಬನ್ ಬಿಚ್ಚಿ, ಮಡಚಿ, ಸರ್ ಕೈಗೆ ಕೊಟ್ಟ. ಗ್ಯಾದರಿಂಗ್ ದಿನ ತನ್ನವ್ವ ಮಂಜವ್ವ ಹೊಲಕ್ಕೆ ಹೋಗದೆ ತನ್ನನ್ನು ನೋಡಲು ಬರುತ್ತಾಳೆ ಎಂದು ಮುಂಜಾನೆ ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದ. ಭಾಗ್ಯಾಳಿಗೂ ಹೇಳಿದ್ದ.

ಜಗಳದಲ್ಲಿ ಪಟ್ಟಿ ಮುದುಡಿ ಹೋಗಿತ್ತು. ಶಾಲೆ ಬಿಟ್ಟ ಮೇಲೆ ಭಾಗ್ಯಾ ಪೆನ್‌ಡ್ರೈವ್ ಹಿಡಿದು ಮತ್ತೆ ಝೆರಾಕ್ಸ್ ಅಂಗಡಿಗೆ ಹೋದಳು. ಅಂಗಡಿಯ ನವಾಜಣ್ಣ ಪ್ರಿಂಟ್ ತೆಗೆದುಕೊಟ್ಟ. ಅಲ್ಲೇ ಕೌಂಟರ್ ಮೇಲೆ ಕತ್ತರಿಸತೊಡಗಿದಳು. ನಾಲ್ಕೈದು ಪಟ್ಟಿ ಕತ್ತರಿಸಿದ್ದಳೋ ಇಲ್ಲವೋ, ಫ್ಯಾನ್ ಗಾಳಿಗೆ ಒಂದು ಹಾರಿ ಕೆಳಗೆ ಬಿತ್ತು.

ನವಾಜಣ್ಣ ಅದನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ. “ತಂಗಿ, ಇದು ಹಿಂಗೋ, ಹಂಗೋ?”

ಭಾಗ್ಯಾ ಪಟ್ಟಿ ಇಸಿದುಕೊಂಡಳು. ಒಂದು ತುದಿಗೆ ಕೇಸರಿ, ನಡುವೆ ಗುಡ್ಡದ ಹಸಿರು, ಉಳಿದದ್ದು ಆಕಾಶದ ನೀಲಿ. ತಿರುಗಿಸಿದಳು. ಈಗ ಕೇಸರಿ ಇನ್ನೊಂದು ತುದಿಗೆ. ಇದು ನಾಲ್ಕನೇ ಸಾಲೋ, ಐದನೆಯದೋ? ಅವಳೇ ಬಿಡಿಸಿದ ಚಿತ್ರ. ಅವಳಿಗೇ ಗೊತ್ತಾಗಲಿಲ್ಲ.

“ಅಣ್ಣಾ, ಒಮ್ಮೆ ಕಂಪ್ಯೂಟರ್‌ನ್ಯಾಗ ತೋರಸ್ರಿ.”

ಪರದೆಯ ಮೇಲೆ ಎಲ್ಲ ಸರಿಯಾಗಿತ್ತು. ಚಿತ್ರದ ಎಡಕ್ಕೆ ಒಂದು, ಎರಡು, ಮೂರು ಎಂದು ಸಾಲಿನ ನಂಬರ್‌ಗಳು. ಮೇಲೆ ಎ, ಬಿ, ಸಿ ಎಂದು ಕಾಲಂ ಅಕ್ಷರಗಳು.

“ಇಲ್ಲಿ ನಂಬರ್ ಅದಾವಲ್ಲ! ಹಾಳ್ಯಾಗ ಯಾಕ ಬಂದಿಲ್ರಿ?”

“ಅವು ತಾವಾಗೇ ಪ್ರಿಂಟ್ ಆಗೂದಿಲ್ಲವ್ವಾ.” ನವಾಜಣ್ಣ ಪೇಜ್ ಲೇಔಟ್ ಒತ್ತಿ, ‘ಹೆಡಿಂಗ್ಸ್’ ಎಂದಿದ್ದಲ್ಲಿ ಬೆರಳಿಟ್ಟ. “ಇಲ್ಲಿ ‘ಪ್ರಿಂಟ್’ ಅನ್ನೂದಕ್ಕ ಟಿಕ್ ಮಾಡಬೇಕು. ಬೇಕಂತ ನೀ ಹೇಳಲಿಲ್ಲ, ನಾ ಮಾಡಲಿಲ್ಲ.”

ಟಿಕ್ ಬಿತ್ತು. ಮಷೀನಿನಿಂದ ಹೊಸ ಹಾಳೆ ಬಿಸಿಬಿಸಿಯಾಗಿ ಹೊರಗೆ ಬಂತು. ಈಗ ಪ್ರತಿ ಸಾಲಿಗೂ ನಂಬರ್, ಪ್ರತಿ ಕಾಲಂಗೂ ಅಕ್ಷರ.

ಭಾಗ್ಯಾ ಹಾಳೆಯನ್ನೇ ನೋಡುತ್ತ ನಿಂತಳು. ಕ್ಲಾಸಿನ ಗೆಳೆಯರು ಚಿತ್ರವನ್ನು ಕಂಪ್ಯೂಟರ್‌ನಲ್ಲೇ ನೋಡಿದ್ದರು. ಯಾವ ಸಾಲು ಎಲ್ಲಿ ಬರುತ್ತದೆ ಎಂದು ಅವತ್ತೇ ಮಾತಾಡಿಕೊಂಡಿದ್ದರು. ಕಳಕೇಶ ಅಲ್ಲಿರಲಿಲ್ಲ. ಅವನ ಹತ್ತಿರ ಇದ್ದದ್ದು ಬಣ್ಣದ ಒಂದು ಪಟ್ಟಿ ಮಾತ್ರ.

ಈ ಸಲ ಅವಳು ಕತ್ತರಿ ಮುಟ್ಟಲಿಲ್ಲ. ಲೀಡರ್‌ಗೊಂದರಂತೆ ಇಡೀ ಹಾಳೆಗಳನ್ನೇ ತೆಗೆಸಿಕೊಂಡಳು.

ಮರುದಿನ ಮೈದಾನದಲ್ಲಿ ಎಲ್ಲರೂ ಸೇರಿದ ಮೇಲೆ ಸರ್ ಹತ್ತಿರ ಹೋದಳು.

“ಸರ್, ನಿನ್ನೆ ತಪ್ಪಿದ್ದು ಕಳಕೇಶ ಅಲ್ರಿ. ನಾ ಕೊಟ್ಟ ಪಟ್ಟ್ಯಾಗ ನಂಬರ್ ಇದ್ದಿಲ್ಲ. ಅವ ಕೇಳಾಕ ಬಂದ್ರೂ ನಾ ಹೇಳಲಿಲ್ರಿ.”

ನಿನ್ನೆ ನಕ್ಕವರು ಇವತ್ತೂ ನಕ್ಕರು, ಈ ಸಲ ಅವಳನ್ನು ನೋಡಿ. “ನಾನೂ ಅವನ್ನ ಕೇಳಲಿಲ್ಲ ನೋಡು,” ಎನ್ನುತ್ತ ಉಡಚಪ್ಪ ಸರ್ ಜೇಬಿನಿಂದ ರಿಬ್ಬನ್ ತೆಗೆದರು. “ಕಳಕೇಶ, ಬಾರಪಾ ಇಲ್ಲಿ.”

ಕಳಕೇಶ ರಿಬ್ಬನ್ ಕಟ್ಟಿಕೊಂಡ. ಭಾಗ್ಯಾಳ ಜೊತೆ ಮಾತಾಡಲಿಲ್ಲ. ಅವಳು ಕೊಟ್ಟ ಹಾಳೆ ಹಿಡಿದು ತನ್ನ ಸಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದ. ಆಮೇಲೆ ತಲೆ ಎತ್ತಿದ.

“ಎ ಅಂದ್ರ ಯಾವ ಕಡಿ?”

“ಎಡಕ್ಕ.”

“ಯಾರ ಎಡಕ್ಕ?”

ಈ ಚಿತ್ರವನ್ನು ಭಾಗ್ಯಾ ಕಂಪ್ಯೂಟರ್‌ನಲ್ಲಿ ನೋಡಿದ್ದಳು, ಮಹಡಿಯಿಂದ ನೋಡಿದ್ದಳು. ಸಾಲಿನೊಳಗೆ ಒಮ್ಮೆಯೂ ಕೂತಿರಲಿಲ್ಲ. ಹೋಗಿ ಕಳಕೇಶನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಅವನಂತೆಯೇ ಶಾಲೆಯ ಕಡೆ ಮುಖ ಮಾಡಿದಳು. ಮಹಡಿಯಿಂದ ಎಡಕ್ಕೆ ಕಾಣುತ್ತಿದ್ದ ಬೇವಿನ ಗಿಡ ಇಲ್ಲಿ ಬಲಕ್ಕಿತ್ತು.

“ಖರೇ ಐತಲ್ಲ. ಇಲ್ಲಿಂದ ಬಲಕ್ಕ ಬರ್ತೈತಿ,” ಎಂದಳು ಮೆಲ್ಲಗೆ.

ಪೆನ್ಸಿಲ್ ತೆಗೆದು, ಹಾಳೆಯ ಮೇಲೆ ‘ಎ’ ಪಕ್ಕ ಒಂದು ಪುಟ್ಟ ಗಿಡ ಬಿಡಿಸಿದಳು. ಕಳಕೇಶ ಒಮ್ಮೆ ಬೇವಿನ ಗಿಡವನ್ನೂ ಒಮ್ಮೆ ಹಾಳೆಯನ್ನೂ ನೋಡಿ, “ಈಗ ಬರೋಬ್ಬರಿ ಆತು,” ಎನ್ನುತ್ತ ತನ್ನ ಸಾಲಿನವರಿಗೆ ರಟ್ಟು ಹಂಚಿದ.

ಸರ್ ಮಹಡಿ ಹತ್ತಿ ಸೀಟಿ ಊದಿದರು. ರಟ್ಟುಗಳು ಮೇಲೆದ್ದವು. ಮಹಡಿಯಿಂದ ಸರ್ ಚಪ್ಪಾಳೆ ತಟ್ಟುತ್ತ ಕೂಗಿದರು. “ಭಾಗ್ಯಾ, ಜಲ್ದಿ ಮ್ಯಾಲ ಬಾ! ಸೂರ್ಯ ಇಡೀ ಬಂದಾನ!”

ಭಾಗ್ಯಾ ಏಳಲಿಲ್ಲ. ಅವಳು ಕೂತಲ್ಲಿಂದ ಸೂರ್ಯ ಕಾಣುತ್ತಿರಲಿಲ್ಲ. ಗುಡ್ಡವೂ ಇಲ್ಲ, ಹೊಳೆಯೂ ಇಲ್ಲ. ಮುಂದಿನವರ ಬೆನ್ನು, ಎತ್ತಿ ಹಿಡಿದ ಕೈಗಳು, ಅಷ್ಟೇ. ಪಕ್ಕದಲ್ಲಿ ಕಳಕೇಶ ಒಂದು ಕೈಯಲ್ಲಿ ರಟ್ಟು ಎತ್ತಿ ಹಿಡಿದು, ಮಡಿಲಲ್ಲಿ ಹಾಳೆ ಇಟ್ಟುಕೊಂಡು, ಬೆರಳಿನಿಂದ ಒಂದೊಂದೇ ಚೌಕ ಮುಟ್ಟುತ್ತ, ತನ್ನ ಸಾಲು ಸರಿಯಿದೆಯೇ ಎಂದು ನೋಡುತ್ತಿದ್ದ.