ಎದೆಗೆ ಕಟ್ಟಿದ ಕ್ಯಾಮೆರಾ

ಟಿಟಿ ಎಂಬ ಕಾಡುಬೆಕ್ಕು ಹಿಮಬೆಟ್ಟದಲ್ಲಿ ಇನ್ನೂ ಜೀವಂತವಾಗಿದೆಯೆಂದು ಚಿತ್ರ ತೋರಿಸಿದರೆ ಮಾತ್ರ ಕಣಿವೆಯಲ್ಲಿ ಗಣಿ ತೋಡುವುದು ನಿಲ್ಲುತ್ತದೆಂದು ಲಾ ಪಾಸ್ ನಗರದಿಂದ ಬಂದ ಸರ್ಕಾರಿ ಅಧಿಕಾರಿ ಹೇಳಿದ್ದ. ಊರಸಭೆ ಆ ಕೆಲಸವನ್ನು ಹಿಲಾರಿಯಾಳಿಗೆ ಒಪ್ಪಿಸಿತು. ಅಲ್ಲಿ ಕ್ಯಾಮೆರಾ ಬಲ್ಲವಳು ಅವಳೊಬ್ಬಳೇ. ಜೊತೆಗೆ ಮೈದುನ ಬಾಸಿಲಿಯೊ ಹೊರಟ. ಕ್ಯಾಮೆರಾ, ಲೆನ್ಸುಗಳು, ಡೇರೆ ಎಲ್ಲವೂ ಹೊರೆ ಹೊರುವ ಲಾಮಾ ಪ್ರಾಣಿಯ ಬೆನ್ನೇರಿದವು.

ಕಣಿವೆಯ ಹಾದಿಯ ನೆತ್ತಿಯಲ್ಲಿ, ದಾರಿಹೋಕರು ಪೇರಿಸಿದ ಕಲ್ಲುಗುಡ್ಡೆಯ ಬಳಿ, ಬಾಸಿಲಿಯೊ ವಾಡಿಕೆಯಂತೆ ಹೊರೆಯ ಹಗ್ಗ ಸಡಿಲಿಸಿದ. ಇಬ್ಬರೂ ಬೆಟ್ಟಕ್ಕೆ ಕೋಕಾ ಎಲೆ ಅರ್ಪಿಸುತ್ತಿದ್ದಾಗ ಲಾಮಾ ಹೊರೆಸಮೇತ ಧೂಳಿನಲ್ಲಿ ಹೊರಳಿತು. ದೂರದ್ದನ್ನು ಹತ್ತಿರ ತೋರಿಸುವ ದೊಡ್ಡ ಲೆನ್ಸು ಪುಡಿಯಾಯಿತು. ಕ್ಯಾಮೆರಾ ಮತ್ತು ಚಿಕ್ಕ ಲೆನ್ಸು ಮಾತ್ರ ಉಳಿದವು.

"ಬೈಬೇಡಿ ಅತ್ತಿಗೆ. ಇಲ್ಲಿ ಹಗ್ಗ ಸಡಿಲಿಸೋದು ಅಪ್ಪನ ಕಾಲದಿಂದ ಬಂದಿದ್ದು."

"ಮಾವ ಹೊರಿಸ್ತಿದ್ದದ್ದು ಆಲೂಗಡ್ಡೆ ಕಣಯ್ಯ. ಜಜ್ಜಿದ್ರೂ ಸಾರಿಗಾಗ್ತಿತ್ತು."

ಇನ್ನು ಬೆಕ್ಕಿನ ಹತ್ತಿರಕ್ಕೇ ಹೋಗಬೇಕು. ಮುಂದಿನ ಹಾದಿಯಲ್ಲಿ ಒಂದು ಕೈ ಹಗ್ಗಕ್ಕೆ, ಇನ್ನೊಂದು ಬಂಡೆಗೆ. ಕ್ಯಾಮೆರಾಕ್ಕೆ ಮೂರನೆಯ ಕೈ ಇರಲಿಲ್ಲ. ಹಿಲಾರಿಯಾ ತಾನು ಹೊದ್ದಿದ್ದ, ಮಗುವನ್ನು ಹೊರುವ ನೇಯ್ದ ವಸ್ತ್ರವನ್ನು ಬಿಚ್ಚಿ, ಅದರಲ್ಲಿ ಕ್ಯಾಮೆರಾವನ್ನು ಎದೆಗೆ ಅವುಚಿ, ಭುಜದ ಮೇಲೆ ಗಂಟು ಹಾಕಿದಳು. ತೂಗಾಡದಂತೆ ಸೊಂಟಕ್ಕೊಂದು ಪಟ್ಟಿ ಬಿಗಿದಳು. ಕೈ ತೂರಿಸಲು ಒಂದು ಮಡಿಕೆಯನ್ನು ಸಡಿಲ ಬಿಟ್ಟಳು.

"ಹಾಲೂ ಕುಡಿಸ್ತೀರೇನು?"

"ಇದು ಅಳಲ್ಲ. ನಿನಗಿಂತ ವಾಸಿ."

ಸಂಜೆಯ ಇಳಿಬಿಸಿಲಿನಲ್ಲಿ ಹಿಮ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಬಂಡೆಗಳ ನಡುವೆ ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ.

ಹಿಲಾರಿಯಾಳ ಕಾಲು ಜಾರಿತು.

ಮಕ್ಕಳನ್ನು ಹೊತ್ತು ಪಳಗಿದ ಮೈ ತಾನಾಗಿ ಮಗ್ಗುಲಾಯಿತು. ಪೆಟ್ಟು ಎಡ ಮೊಣಕೈಗೆ ಬಿತ್ತು. ಎದೆಯ ಗಂಟು ಅಲುಗಲಿಲ್ಲ. ಮೇಲೆ ಬಾಸಿಲಿಯೊ ಹಿಡಿದಿದ್ದ, ಅವಳ ಸೊಂಟದ ಹಗ್ಗ ಬಿಗಿಯಾಯಿತು. ಕಲ್ಲುಗಳು ದಡದಡನೆ ಉರುಳಿದವು.

ಆ ಸದ್ದಿಗೆ ಬಂಡೆಯ ಮೇಲೊಂದು ಬೂದು ತಲೆ ಎದ್ದಿತು. ಹಿಂದೆ ಪಟ್ಟೆಪಟ್ಟೆಯ ದಪ್ಪ ಬಾಲ.

ಹಿಲಾರಿಯಾ ಬಿದ್ದಲ್ಲಿಂದ ಏಳಲಿಲ್ಲ. ಬಲಗೈ ಮಡಿಕೆಯೊಳಗೆ ಹೋಯಿತು, ಕ್ಯಾಮೆರಾದೊಂದಿಗೆ ಹೊರಬಂತು. ಕ್ಲಿಕ್. ಮತ್ತೊಂದು. ಬೆಕ್ಕು ಮಾಯವಾಯಿತು.

"ಸಿಕ್ತಾ ಅತ್ತಿಗೆ?" ಮೇಲಿನಿಂದ ಬಾಸಿಲಿಯೊ ಕೂಗಿದ.

"ಮೊದಲು ಹಗ್ಗ ಎಳಿ! ಚಿತ್ರ ಓಡಿಹೋಗಲ್ಲ!"

ಊದಿದ ಕೈಯೊಂದಿಗೆ ಅವಳು ಊರು ಸೇರಿದಳು. ಸಭೆಗೆ ಬಂದ ಅಧಿಕಾರಿ ಚಿತ್ರವನ್ನು ಬಹಳ ಹೊತ್ತು ನೋಡಿದ. "ಬೆಕ್ಕಿದೆ," ಎಂದ, "ಹಾಗಾದ್ರೆ ಗಣಿ ಇಲ್ಲ."

ಲಾಮಾ ಹಿಂಡಿನ ಹೊಸ ಮರಿಗಳ ಕಿವಿಗೆ ಕಟ್ಟುವ ಕೆಂಪು ಉಣ್ಣೆಯ ಗೊಂಡೆಯೊಂದನ್ನು ತಂದು ಹಿಲಾರಿಯಾಳ ಅತ್ತೆ ಕ್ಯಾಮೆರಾದ ಪಟ್ಟಿಗೆ ಕಟ್ಟಿದಳು.

"ಇನ್ಮೇಲೆ ಇದೂ ನಮ್ಮ ಹಿಂಡಿನದೇ," ಎಂದಳು.

ಹಿಲಾರಿಯಾ ಗೊಂಡೆ ಕಟ್ಟಿದ ಕ್ಯಾಮೆರಾವನ್ನು ಎದೆಗೆ ಹಾಕಿಕೊಂಡಳು. ಊರವರೆಲ್ಲ ನೋಡಲೆಂದು ನೆಟ್ಟಗೆ ನಿಂತಳು.