ಹತ್ತನೇ ಸಲ ಪ್ಲಗ್ ಕಿತ್ತಾಗ

ಆರು ದಿನದಿಂದ ಮುರುಗೇಶ್ ನನ್ನ ಮುಖ ನೋಡಿರಲಿಲ್ಲ. ಬರೀ ಸ್ಕ್ರೀನ್ ನೋಡುತ್ತಿದ್ದ. ನನಗಿಂತ ಚೆಂದ ಅದರಲ್ಲಿ ಏನಿದೆ ಎಂದು ಬೇರೆ ದಿನವಾಗಿದ್ದರೆ ಕೆಣಕುತ್ತಿದ್ದೆ. ಈ ವಾರ ಬಾಯೇ ಬರಲಿಲ್ಲ.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಮೊದಲ ಮಹಡಿಯಲ್ಲಿ ನಮ್ಮ ಪುಟ್ಟ ಕಂಪನಿ. ಸ್ಕ್ಯಾನಿಂಗ್ ಸೆಂಟರುಗಳ ಚಿತ್ರಗಳನ್ನು ಕೂಡಿಡುವ ಡಬ್ಬಿಗಳನ್ನು ಮಾಡುತ್ತೇವೆ. ಡಬ್ಬಿಯೊಳಗಿನ ಡಿಸ್ಕಿನಲ್ಲಿ ಯಾವ ಫೈಲಿಗೆ ಯಾವ ಜಾಗ ಎಂದು ಹಂಚುವ ಕೋಡ್ ಮುರುಗೇಶನದು. ಅದನ್ನು ಕಾಡಿಸಿ ಪರೀಕ್ಷಿಸುವ ಕೆಲಸ ನನ್ನದು.

ಕಳೆದ ವಾರ ಒಂದು ಸೆಂಟರಿನಲ್ಲಿ ಅಜ್ಜಿಯೊಬ್ಬರ ಮಂಡಿಯ ಸ್ಕ್ಯಾನ್ ಫೈಲು ತೆರೆದರೆ, ಕೆಳಗಿನ ಅರ್ಧ ಬೇರೆ ಯಾರದೋ ಭುಜ! ಪುಣ್ಯಕ್ಕೆ ಡಾಕ್ಟರ ಕಣ್ಣಿಗೆ ಬಿತ್ತು. ಒಂದೇ ಸೈಟನ್ನು ಇಬ್ಬರಿಗೆ ರಿಜಿಸ್ಟರ್ ಮಾಡಿಕೊಟ್ಟ ಹಾಗೆ, ಒಂದೇ ಜಾಗ ಎರಡು ಫೈಲುಗಳಿಗೆ ಹೋಗಿತ್ತು.

ಓನರ್ ಈರಪ್ಪ ಸಾರ್ ಎಲ್ಲರ ಮುಂದೆಯೇ ಅಂದುಬಿಟ್ಟರು. "ಶುಕ್ರವಾರ ಇನ್ನೂರು ಡಬ್ಬಿ ಲಾರಿ ಹತ್ಬೇಕು. ಅಷ್ಟರಲ್ಲಿ ಸರಿ ಮಾಡು ಮುರುಗೇಶ. ಆಗ್ಲಿಲ್ವಾ, ತಪ್ಪು ನಂದು ಅಂತ ಬರ್ಕೊಟ್ಟು ಹೊರಡು."

ಗುರುವಾರ ಬಂತು. ಅವನು ಏನು ಮಾಡಿದರೂ ಆ ತಪ್ಪು ಮತ್ತೆ ಕಾಣಿಸಿಕೊಳ್ಳಲಿಲ್ಲ.

"ಕರೆಂಟ್ ಹೋದಾಗ ಕೆಡುತ್ತೇನೋ ಅಂತ ಡೌಟಿತ್ತು ಶಶಿ," ಎಂದ, ಊಟದ ಡಬ್ಬಿ ಬಿಚ್ಚುತ್ತಾ. "ನಿನ್ನ ರಿಪೋರ್ಟ್ ನೋಡ್ದೆ. ಹತ್ತಕ್ಕೆ ಹತ್ತು ಪಾಸ್. ನೀನು ಪಾಸ್ ಅಂದ್ಮೇಲೆ ಆ ಕಡೆ ನೋಡೋದೇ ಬೇಡ ಅಂತ ಬಿಟ್ಟೆ."

ಕಲಸಿದ ಅನ್ನವನ್ನು ನಾನು ಹಾಗೇ ಬಿಟ್ಟೆ.

ಆಯುಧಪೂಜೆಯ ದಿನ ಮಾಡಿದ ಟೆಸ್ಟ್ ಅದು. ಓಡುತ್ತಿರುವ ಡಬ್ಬಿಯ ಪ್ಲಗ್ ಕಿತ್ತು, ಮತ್ತೆ ಹಾಕಿ, ಫೈಲುಗಳೆಲ್ಲ ಸರಿಯಿವೆಯೇ ನೋಡಬೇಕು. ಒಂಬತ್ತು ಸಲ ಸರಿ. ಹತ್ತನೇ ಸಲ ಒಂದು ಫೈಲು ಕೆಟ್ಟಿತ್ತು. ಇನ್ನೊಮ್ಮೆ ನೋಡೋಣ ಎನ್ನುವಷ್ಟರಲ್ಲಿ ಮಂಗಳಾರತಿಯ ಗಂಟೆ. ಡಬ್ಬಿಗೆ ಕುಂಕುಮ ಇಟ್ಟರು, ಸೇವಂತಿಗೆ ಏರಿಸಿದರು. ಪೂಜೆಯಾದ ಮಷಿನ್ನನ್ನು ಅವತ್ತು ಯಾರೂ ಮುಟ್ಟುವಂತಿಲ್ಲ. ರಿಪೋರ್ಟಾದರೋ ರಜೆಗೆ ಮುಂಚೆ ಕೊಡಲೇಬೇಕಿತ್ತು.

ಅಷ್ಟರಲ್ಲಿ ಗೇಟಿನ ಬಳಿ ಬೂದುಗುಂಬಳ ಒಡೆದು, ಶರ್ಟಿಗೆಲ್ಲ ಕುಂಕುಮ ಹಾರಿಸಿಕೊಂಡಿದ್ದ ಮುರುಗೇಶ್ ಕೆಳಗಿನಿಂದ ಕೂಗಿದ್ದ. "ಶಶೀ, ಬಸ್ ಸ್ಟಾಪ್ ತನಕ ನಾನೂ ಬರ್ತೀನಿ. ಆ ಸೀರೇಲಿ ಒಬ್ಳೇ ಹೋದ್ರೆ ಟ್ರಾಫಿಕ್ ಜಾಮ್ ಆಗುತ್ತೆ!"

ಕೇಬಲ್ ಲೂಸ್ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹತ್ತಕ್ಕೆ ಹತ್ತು ಎಂದು ಬರೆದು ಮೆಟ್ಟಿಲಿಳಿದು ಓಡಿದೆ. ಅಂದಿನಿಂದ ದಿನಾ ಸಂಜೆ ಅವನು ಜೊತೆಗೆ ಬರತೊಡಗಿದ.

"ಮುರುಗೇಶ್, ಹತ್ತನೇದು ಫೇಲ್ ಆಗಿತ್ತು," ಎಂದೆ, ಊಟದ ಡಬ್ಬಿ ಪಕ್ಕಕ್ಕೆ ಸರಿಸಿ.

"ಯಾವ್ದು?"

"ಪ್ಲಗ್ ಟೆಸ್ಟು. ದೊಡ್ಡ ಫೈಲ್ ಡಿಲೀಟ್ ಆಗ್ತಿರೋವಾಗ ಕಿತ್ತಿದ್ದೆ. ನಾನೇ ಪಾಸ್ ಅಂತ ಬರ್ದೆ."

ಆರು ದಿನದಿಂದ ಕಾದಿದ್ದ ನೋಟ ಕೊನೆಗೂ ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು.

"ಮಾಡಿ ತೋರಿಸಿ ಮೇಡಂ," ಎಂದ. ಎರಡು ವರ್ಷದಲ್ಲಿ ಅವನು ನನ್ನನ್ನು ಮೇಡಂ ಅಂದಿದ್ದು ಅದೇ ಮೊದಲು.

ದೊಡ್ಡ ಫೈಲ್ ಡಿಲೀಟಿಗೆ ಹಾಕಿ ಪ್ಲಗ್ ಕೀಳುತ್ತಾ ಹೋದೆ. ಏಳನೇ ಸಲಕ್ಕೆ ಫೈಲು ಕೆಟ್ಟಿತು. ನಾಲ್ಕು ಗಂಟೆಗೆಲ್ಲ ಕಾರಣವೂ ಸಿಕ್ಕಿತು. ಹಳೆಯ ಫೈಲು ಪೂರ್ತಿ ಅಳಿಯುವ ಮೊದಲೇ ಅವನ ಕೋಡ್ ಆ ಜಾಗವನ್ನು ಖಾಲಿ ಎಂದು ಹೊಸದಕ್ಕೆ ಕೊಟ್ಟುಬಿಡುತ್ತಿತ್ತು. ಆ ಗಳಿಗೆಯಲ್ಲೇ ಕರೆಂಟ್ ಹೋದರೆ ಒಂದೇ ಜಾಗಕ್ಕೆ ಇಬ್ಬರು ಒಡೆಯರು.

ನಾನು ಈರಪ್ಪ ಸಾರ್ ಮುಂದೆ ಹೋಗಿ ರಿಪೋರ್ಟಿನ ಹತ್ತನ್ನು ಹೊಡೆದುಹಾಕಿ ಒಂಬತ್ತು ಎಂದು ಬರೆದು ಸಹಿ ಹಾಕಿದೆ. ಬೈಸಿಕೊಂಡೆ. ಅದರಿಂದೇನೂ ನೋವಾಗಲಿಲ್ಲ.

ಸಂಜೆ ಮುರುಗೇಶ್ ಸ್ಟಾಪಿನವರೆಗೆ ಬಂದ, ಆದರೆ ಮಾರು ದೂರದಲ್ಲಿ.

"ಬಗ್ ನಂದೇ. ಒಪ್ಕೋತೀನಿ," ಎಂದ. "ಆದ್ರೆ ನಿನ್ನ ನಂಬಿ ಸರಿಯಾದ ಜಾಗ ಒಂದು ಬಿಟ್ಟು ಬೇರೆಲ್ಲಾ ಕಡೆ ಹುಡುಕ್ದೆ ಶಶಿ."

"ನೀನು ಕೆಳಗೆ ಕಾಯ್ತಿದ್ದೆ. ನಂಗೆ ಬೇರೇನೂ ಬೇಕಾಗಿರ್ಲಿಲ್ಲ. ನೀನಂದ್ರೆ ನಂಗೆ ಅಷ್ಟು ಇಷ್ಟ ಕಣೋ." ಎರಡು ವರ್ಷ ಬಚ್ಚಿಟ್ಟ ಮಾತನ್ನು ಇಂಥ ಹೊತ್ತಲ್ಲೇ ಹೇಳಬೇಕಿತ್ತೇ ನಾನು!

ಸುಂಕದಕಟ್ಟೆ ಬಸ್ಸು ಬಂತು. "ನಾಳೆ ಹೊಸ ಕೋಡ್ ಕೊಡ್ತೀನಿ. ನೂರು ಸಲ ಪ್ಲಗ್ ಕೀಳು," ಎಂದನಷ್ಟೇ. ಮಾಗಡಿ ರೋಡ್ ಉದ್ದಕ್ಕೂ ಅತ್ತೆ.

ಶುಕ್ರವಾರ ಕೆಳಗೆ ಲಾರಿ ಬಂದು ನಿಂತಿತ್ತು. ಎಂಬತ್ತೇಳು ಸಲ ಪಾಸ್. ಮುರುಗೇಶ್ ಗೋಡೆಗೊರಗಿ ನಿಂತಿದ್ದ, ಈರಪ್ಪ ಸಾರ್ ಕಿಟಕಿಯ ಬಳಿ. ಎಂಬತ್ತೆಂಟನೇ ಸಲ ಒಂದು ಫೈಲು ಕೆಟ್ಟಿತು. ಪರದೆ ಕಾಣುತ್ತಿದ್ದುದು ನನಗೆ ಮಾತ್ರ. ಪಾಸ್ ಅಂದರೆ ಅವನ ಕೆಲಸ ಉಳಿಯುತ್ತದೆ. ಫೇಲ್ ಅಂದರೆ ನಾನೇ ಕೈಯಾರೆ ಅವನನ್ನು ಮನೆಗೆ ಕಳಿಸಿದಂತೆ.

"ಫೇಲ್ ಸಾರ್," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

"ಕೇಬಲ್ ಲೂಸ್ ಇರ್ಬೇಕು, ನೋಡಮ್ಮ," ಎಂದರು ಈರಪ್ಪ ಸಾರ್.

"ಇಲ್ಲ ಸಾರ್. ಫೇಲೇ."

ಅವರು ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿದರು. ಆಮೇಲೆ ಕಿಟಕಿಯಿಂದ ಬಗ್ಗಿ ಲಾರಿಯವನಿಗೆ ಸೋಮವಾರ ಬಾ ಎಂದು ಕೂಗಿದರು.

ಮುರುಗೇಶ್ ಕುರ್ಚಿ ಎಳೆದುಕೊಂಡು ಮೊಣಕೈ ತಾಗುವಷ್ಟು ಹತ್ತಿರ ಕೂತ. ಅವನ ಕಣ್ಣು ಕೆಂಪಾಗಿತ್ತು, ತುಟಿಯಂಚಲ್ಲಿ ಮಾತ್ರ ಆ ಹಳೆಯ ನಗೆ.

"ಯಾವ ಟೈಮಲ್ಲಿ ಕಿತ್ತೆ, ಹೇಳು. ಇವತ್ತು ಲೇಟಾಗುತ್ತೆ ಕಣೇ, ನಿಮ್ಮಮ್ಮಂಗೆ ಫೋನ್ ಮಾಡು."

"ಯಾರ ಜೊತೆ ಬರ್ತೀಯ ಅಂತ ಕೇಳ್ತಾರೆ."

"ನನ್ನ ಹೆಸರೇ ಹೇಳು."