ಬೆಳ್ಳಿ ತಟ್ಟೆಯ ಎರಡನೇ ಬದಿ

ಒಂದು ಪೈಂಟ್ ಬಿಯರಿಗೆ ಅರವತ್ತು ಪೆನ್ನಿ. ಒಂದು ಆಲ್ಬಮ್ಮಿಗೆ ಐದು ಪೌಂಡಿಗೆ ಒಂದು ಪೆನ್ನಿ ಕಡಿಮೆ. ಅಂಥ ಆಲ್ಬಮ್ ಅರವತ್ತು ಸಾವಿರ ಮಾರಾಟವಾದರೆ ಬೆಳ್ಳಿ ಲೇಪದ ರೆಕಾರ್ಡೊಂದನ್ನು ಗಾಜಿನ ಚೌಕಟ್ಟಿನಲ್ಲಿಟ್ಟು ಕೊಡುತ್ತಾರೆ. ಅದರ ಬೆಳ್ಳಿಯನ್ನೆಲ್ಲ ಕೆರೆದು ಮಾರಿದರೂ ಅರ್ಧ ಪೈಂಟ್ ಬರುವುದಿಲ್ಲ. ಆದರೂ ಆ ಶನಿವಾರ ಬೆಳಿಗ್ಗೆ ಬೋಟ್‌ಮನ್ಸ್ ರೆಸ್ಟ್ ಪಬ್ಬಿನ ಗೋಡೆಯಲ್ಲಿ ಬರೀ ಮೊಳೆ ಕಂಡಾಗ, ಮಾಲೀಕ ಹೊರೇಸ್ ನಾಕ್ ಹೆಣ ಕಂಡವನಂತೆ ನಿಂತುಬಿಟ್ಟ.

ಆ ಮೊಳೆಯಲ್ಲಿ ತೂಗುತ್ತಿದ್ದದ್ದು ಅವನ ಮಗ ರಾಯ್‌ಸ್ಟನ್ ಹಾಡುವ 'ಸ್ಲ್ಯಾಗ್ ಹ್ಯಾಮರ್' ತಂಡದ ಬೆಳ್ಳಿ ತಟ್ಟೆ. ನಮ್ಮ ಟಿಪ್ಟನ್ ಹುಡುಗರ ಹೆವಿ ಮೆಟಲ್ ಆಲ್ಬಮ್ ಬ್ರಿಟಿಷ್ ಚಾರ್ಟಿನಲ್ಲಿ ಹತ್ತೊಂಬತ್ತನೆಯ ಸ್ಥಾನಕ್ಕೇರಿತ್ತು. ಊರಿಗೆ ಹೆಮ್ಮೆ, ಅರ್ಧ ಊರಿಗೆ ಹೊಟ್ಟೆಯುರಿ.

ಬಾಗಿಲು ಮುರಿದಿರಲಿಲ್ಲ. ನಮಗೆ ಗೊತ್ತಿದ್ದಂತೆ ಹಿಂಬಾಗಿಲ ಕೀಲಿ ಇದ್ದದ್ದು ಬಾರ್ ನೋಡಿಕೊಳ್ಳುವ ನನ್ನ ಬಳಿ, ಮತ್ತು ಗುಡಿಸಿ ಒರೆಸುವ ನೊರೀನ್ ಫೆನೆಲ್ ಬಳಿ. ನಾನು ಹೊರೇಸನ ಒಡಹುಟ್ಟಿದ ತಂಗಿ. ಹಾಗಾಗಿ ನೊರೀನ್ ಕಳ್ಳಿಯಾದಳು.

"ಇಷ್ಟು ವರ್ಷ ನಿನ್ನ ಗಲ್ಲಾ ಒರೆಸಿದ್ದೀನಿ ಹೊರೇಸ್. ಒಂದು ಪೆನ್ನಿ ಹೋಗಿದ್ಯಾ?"

"ಪೆನ್ನಿ ಮಾತಲ್ಲ ಇದು. ಕೀಲಿ ಇಟ್ಟು ಹೋಗು."

ಮುಂದಿನ ಗುರುವಾರ ಹಿಂಬಾಗಿಲಲ್ಲಿ ಪತ್ರಿಕೆಯಲ್ಲಿ ಸುತ್ತಿದ ಚೌಕಟ್ಟು ಸಿಕ್ಕಿತು. ಅದೇ ಮರ, ಅದೇ ಗಾಜು, ಕೆಳಗೆ ಅದೇ ಹೆಸರು. ಹೊರೇಸ್ ಅದನ್ನು ಮೊಳೆಗೆ ಸಿಕ್ಕಿಸಿ ಎಲ್ಲರಿಗೂ ಬಿಯರ್ ಕೊಡಿಸಿದ. ನೊರೀನ್ ಹೆದರಿ ತಂದಿಟ್ಟಳು ಎಂದು ಊರು ತೀರ್ಮಾನಿಸಿತು. ಬಸ್ಸಿಗೆ ಕಾಯುವಾಗ ಹೆಂಗಸರು ಅವಳನ್ನು ಕಂಡು ಕೈಚೀಲ ಎದೆಗೆ ಅವಚಿಕೊಳ್ಳತೊಡಗಿದರು.

ನನಗೆ ಸಹಿಸಲಾಗಲಿಲ್ಲ. ಎನಿಡ್ ಟ್ರಾಂಟರಳನ್ನು ಕರೆಸಿದೆ. ಸಂತೆಕಟ್ಟೆಯಲ್ಲಿ ಹಳೆಯ ರೆಕಾರ್ಡ್ ಮಾರುವ ಮುದುಕಿ. ಯಾವುದು ಕದ್ದ ಮಾಲು, ಯಾವುದು ತಾತನ ಆಸ್ತಿ ಎಂದು ತಂದವನ ಮುಖ ನೋಡಿಯೇ ಹೇಳುವವಳು.

ಎನಿಡ್ ಚೌಕಟ್ಟಿನ ಮುಂದೆ ಕನ್ನಡಕ ಏರಿಸಿ ನಿಂತಳು. ಪಕ್ಕದಲ್ಲಿ ತೂಗುತ್ತಿದ್ದ, ತಟ್ಟೆ ಕೊಟ್ಟ ದಿನದ ದೊಡ್ಡ ಫೋಟೋವನ್ನು ಇಳಿಸಿಕೊಂಡು ದೀಪದ ಕೆಳಗೆ ಹಿಡಿದಳು. ಆಮೇಲೆ ಬಾರಿನಲ್ಲಿದ್ದವರ ಕಡೆ ತಿರುಗಿದಳು.

"ಟ್ರೆವರ್, ನೀನ್ಯಾಕೆ ಯಾವಾಗ್ಲೂ ಆ ಗೋಡೆಗೆ ಬೆನ್ನು ಹಾಕಿ ಕೂರ್ತೀಯ?"

ಟ್ರೆವರ್ ಗಫ್ ಎದುರಾಳಿ ತಂಡದ ಗಿಟಾರಿನವನು. "ಬೆಳಕು ಕಣ್ಣಿಗೆ ಹೊಡಿಯುತ್ತೆ."

"ಬೆಳಕೋ, ಹೊಟ್ಟೆಕಿಚ್ಚೋ?"

"ಎರಡೂ ಅಂತ ಇಟ್ಕೊಳಮ್ಮ. ನಮ್ಮ ಆಲ್ಬಮ್ ಚಾರ್ಟಲ್ಲಿ ಇದ್ದದ್ದು ಒಂದೇ ವಾರ, ಅದೂ ತೊಂಬತ್ತೆಂಟನೇ ಜಾಗ. ಇವರ ತಟ್ಟೆ ಕೈಗೆ ಸಿಕ್ಕಿದ್ರೆ ಕಾಲುವೆಗೆ ಎಸೀತಿದ್ದೆ. ವಾಪಸ್ ತಂದಿಡೋ ಅಷ್ಟು ಒಳ್ಳೆಯವನಲ್ಲ ನಾನು."

ಕೆಲವರು ನಕ್ಕರು. ಹುರಿದ ಹಂದಿಚರ್ಮದ ಪೊಟ್ಟಣ ಹಿಡಿದು ಕೂತಿದ್ದ ಕ್ಲೈವ್ ಹಿಂಗ್ಲಿ ನಗಲಿಲ್ಲ.

"ನೀನೇನಂತೀಯ ಕ್ಲೈವ್?"

"ನಂಗೇನು? ಆ ತಂಡ ಬಿಟ್ಟು ಎರಡು ವರ್ಷ ಆಯ್ತು."

"ಬಿಟ್ಟೆಯೋ, ಬಿಡಿಸಿದ್ರೋ?"

ಅವನ ದವಡೆ ನಿಂತಿತು. "ಕವರಿನ ಫೋಟೋಕ್ಕೆ ನನ್ನ ಮೂತಿ ಸರಿಯಿಲ್ಲ ಅಂದ್ರು. ಡ್ರಮ್ ಬಾರಿಸಿದ್ದು ನಾನು, ಹಲ್ಲು ಕಿರಿದವನು ಬೇರೆ. ಅವನ ಮನೇಲೂ ಒಂದು ಬೆಳ್ಳಿ ತಟ್ಟೆ ಇದೆ. ನಮ್ಮ ಮನೇಲಿ ಗೋಡೆಕಾಗದ ಇದೆ."

"ಬಿಡು ಅದನ್ನ. ನೀವಿಬ್ಬರೂ ಕೆಲಸ ಮಾಡೋದು ಒಂದೇ ಕಡೆ ಅಲ್ವಾ?"

"ಗಿಲೀಟು ಕಾರ್ಖಾನೇಲಿ," ಎಂದ ಟ್ರೆವರ್. "ಕಾರಿನ ಬಂಪರ್, ಬಾಗಿಲ ಹಿಡಿಗೆ ಲೋಹದ ಲೇಪ ಹಾಕ್ತೀವಿ. ಯಾಕೆ?"

ಎನಿಡ್ ಹೊರೇಸನ ಮುಂದೆ ಫೋಟೋ ಇಟ್ಟಳು.

"ಗೋಡೆ ಮೇಲಿರೋದು ನಿನ್ನ ತಟ್ಟೆಯಲ್ಲ ಹೊರೇಸ್."

"ಏನು?"

"ರೆಕಾರ್ಡಿನಲ್ಲಿ ಒಂದು ಹಾಡು ಮುಗಿದ ಕಡೆ ನುಣುಪಾದ ಗೆರೆ ಇರುತ್ತೆ, ಬಳೆ ಹಾಗೆ. ಫೋಟೋದಲ್ಲಿ ಎಣಿಸು. ಐದು ಗೆರೆ, ಅಂದ್ರೆ ಆರು ಹಾಡು. ಈಗ ಗೋಡೆ ಮೇಲಿರೋದನ್ನ ಎಣಿಸು."

ಹೊರೇಸ್ ಬೆರಳು ಆಡಿಸಿದ. "ಎರಡು. ಮೂರು ಹಾಡು. ತಿರುಗಿಸಿ ಹಾಕಿರಬಹುದಲ್ವಾ?"

"ನಿನ್ನ ಮಗನ ಆಲ್ಬಮ್ಮಲ್ಲಿ ಒಂದನೇ ಬದಿಗೆ ನಾಲ್ಕು ಹಾಡು, ಎರಡನೇ ಬದಿಗೆ ಮೂರು. ಆರು ಹಾಡಿನ ಬದಿಯೇ ಇಲ್ಲ."

"ಹಾಗಾದ್ರೆ ಮೊದಲಿದ್ದದ್ದು?"

"ಬೆಳ್ಳಿ ತಟ್ಟೆ ಮಾಡೋರು ಎಷ್ಟೋ ಸಲ ಕೈಗೆ ಸಿಕ್ಕಿದ ರೆಕಾರ್ಡಿಗೆ ಗಿಲೀಟು ಹಾಕಿ, ನಿಮ್ಮ ಹೆಸರಿನ ಚೀಟಿ ಅಂಟಿಸಿ ಕಳಿಸ್ತಾರೆ. ಬಿಕರಿಯಾಗದೆ ಉಳಿದದ್ದು ರಾಶಿ ಇರುತ್ತೆ. ಗೋಡೆಗೆ ಹಾಕಿದ್ದನ್ನ ಯಾರು ನುಡಿಸಿ ನೋಡ್ತಾರೆ? ನಿನ್ನ ಅಸಲಿ ತಟ್ಟೆ ಬೇರೆ ಯಾರದೋ ಹಾಡು. ಈ ನಕಲಿನಲ್ಲಿ ಮಾತ್ರ ನಿಜವಾದ ಸ್ಲ್ಯಾಗ್ ಹ್ಯಾಮರ್ ಇದೆ. ಮಾಡಿದವನಿಗೆ ಈ ಗುಟ್ಟು ಗೊತ್ತಿರಲಿಲ್ಲ. ಅಂಗಡಿಯಿಂದ ಆಲ್ಬಮ್ ತಂದು ಗಿಲೀಟು ಹಾಕಿ, ಅದೇ ಚೌಕಟ್ಟಿಗೆ ಸೇರಿಸಿದ."

ಹೊರೇಸ್ ಇನ್ನೊಮ್ಮೆ ಗೆರೆ ಎಣಿಸಿದ.

"ನೊರೀನಿಗೆ ಗಿಲೀಟು ಹಾಕೋಕೆ ಬರುತ್ತಾ?" ಎಂದಳು ಎನಿಡ್. "ಇನ್ನು ಕೀಲಿ. ಮಹಡಿ ಮೇಲೆ ತಂಡಗಳು ತಾಲೀಮು ಮಾಡ್ತಿದ್ದಾಗ ಎಷ್ಟು ಜನಕ್ಕೆ ಕೀಲಿ ಕೊಟ್ಟಿದ್ದೆ ಹೊರೇಸ್? ವಾಪಸ್ ಕೇಳಿದ್ಯಾ?"

ಟ್ರೆವರ್ ಎದ್ದು ನಿಂತ. "ಕೀಲಿ ನನ್ನ ಹತ್ರಾನೂ ಇದೆ. ಆದ್ರೆ—"

"ಕೂತ್ಕೊ. ನೀನಾಗಿದ್ರೆ ಯಾವ ಬದಿ ಮುಂದಿಟ್ರೂ ನಿನಗೊಂದೇ. ಫೋಟೋದಲ್ಲಿ ಚೀಟಿ ಮೇಲೆ ಒಂದನೇ ಬದಿ ಅಂತಿದೆ. ಮೋಸ ಮುಚ್ಚೋನು ಅದೇ ಬದಿ ಮುಂದಿಡ್ತಿದ್ದ. ಇವನು ಎರಡನೇ ಬದಿ ಇಟ್ಟಿದ್ದಾನೆ. ಆ ಬದಿಯ ಕೊನೆಗೆ ಏನಿದೆ, ಯಾರಾದ್ರೂ ಹೇಳ್ತೀರಾ?"

ಯಾರೂ ಹೇಳಬೇಕಾಗಲಿಲ್ಲ. ಗಿಟಾರು ಸುಮ್ಮನಾಗಿ ಡ್ರಮ್ ಒಂದೇ ಗುಡುಗುವ ಆ ಏಳು ನಿಮಿಷ ಟಿಪ್ಟನ್ನಿನಲ್ಲಿ ಎಲ್ಲರಿಗೂ ಗೊತ್ತು.

"ಒಂದನೇ ಬದಿ ಇಟ್ಟಿದ್ರೆ ನೀನು ಸಿಕ್ಕಿಬೀಳ್ತಿರಲಿಲ್ಲ ಕ್ಲೈವ್," ಎಂದಳು ಎನಿಡ್ ಮೆಲ್ಲಗೆ. "ಅದನ್ನ ಒಳಗಡೆ ತಿರುಗಿಸೋಕೆ ಮನಸ್ಸು ಬರಲಿಲ್ಲ, ಅಲ್ವಾ?"

ಕ್ಲೈವ್ ಪೊಟ್ಟಣವನ್ನು ಮಡಿಸಿ, ಮತ್ತೆ ಮಡಿಸಿ, ಮೇಜಿನ ಮೇಲಿಟ್ಟ. "ದಿನಾ ಸಂಜೆ ನೋಡಬೇಕಿತ್ತು ಅದನ್ನ. ನನ್ನ ಕೈ ಅದರೊಳಗಿದೆ, ಹೊಗಳಿಕೆ ಇನ್ನೊಬ್ಬನಿಗೆ. ಮನೇಲಿ ಮಂಚದ ಕೆಳಗಿಟ್ಟೆ. ಆಮೇಲೆ ನೊರೀನಕ್ಕನ್ನ ಓಡಿಸಿದ್ರು. ಅದು ನಂಗೆ ಬೇಕಿರಲಿಲ್ಲ. ಗೋಡೆ ತುಂಬಿದ್ರೆ ಮಾತು ನಿಲ್ಲುತ್ತೆ ಅಂದ್ಕೊಂಡೆ."

"ಬಾಯಿ ಬಿಡಬಹುದಿತ್ತು."

"ಬಿಟ್ಟಿದ್ರೆ ತಟ್ಟೆ ಕೊಡಬೇಕಿತ್ತು."

ಅವನ ಮನೆಯಿಂದ ಅಸಲಿಯನ್ನು ತರಿಸಿದೆವು. ಎನಿಡ್ ಅದನ್ನು ತನ್ನ ಹಳೆಯ ಯಂತ್ರಕ್ಕೆ ಹಾಕಿ ಮುಳ್ಳು ಇಳಿಸಿದಳು. ಕರಕರ ಸದ್ದಿನ ನಡುವೆ ಕೇಳಿಸಿದ್ದು ಅಕಾರ್ಡಿಯನ್ನಿನಲ್ಲಿ ನುಡಿಸಿದ ಕ್ರಿಸ್‌ಮಸ್ ಹಾಡು. ಟ್ರೆವರ್ ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಕ್ಲೈವ್ ಕೊನೆಯವರೆಗೂ ಕೇಳಿ ಟೋಪಿ ಹಾಕಿಕೊಂಡ.

ಹೊರೇಸ್ ಪೊಲೀಸರನ್ನು ಕರೆಯಲಿಲ್ಲ. ಕ್ಲೈವ್ ಇನ್ನು ಹೊಸಿಲು ತುಳಿಯಕೂಡದು ಎಂದಷ್ಟೇ ಹೇಳಿದ. ನೊರೀನ್ ಬಾರಿನ ತುಂಬ ಜನರಿದ್ದಾಗ ಹೊರೇಸನಿಂದ ತಪ್ಪಾಯಿತು ಎಂದು ಹೇಳಿಸಿಕೊಂಡೇ ಕೀಲಿ ವಾಪಸ್ ತೆಗೆದುಕೊಂಡಳು. ಬಸ್ಸಿನ ಹೆಂಗಸರೊಂದಿಗೆ ಅವಳು ಈಗಲೂ ಮಾತಾಡುವುದಿಲ್ಲ.

ಅಕಾರ್ಡಿಯನ್ ತಟ್ಟೆಯನ್ನು ಎನಿಡ್ ಒಯ್ದಳು. ನಕಲು ಗೋಡೆಯಲ್ಲೇ ಉಳಿಯಿತು, ಎರಡನೇ ಬದಿ ಮುಂದಾಗಿ. ಕ್ಲೈವನ ಡ್ರಮ್ ನಿಜವಾಗಿಯೂ ಬೆಳ್ಳಿ ಕಂಡದ್ದು ಅದರಲ್ಲೇ. ಅದನ್ನು ನೋಡಲು ಅವನೊಬ್ಬ ಮಾತ್ರ ಒಳಗೆ ಬರುವಂತಿಲ್ಲ.